ಬಿಟ್ಟ ಬದು

ಶಂಭುಲಿಂಗ ಔಷಧಿ ಪಂಪನ್ನು ಬೆನ್ನಿಗೇರಿಸಿ ಪಟ್ಟಿ ಬಿಗಿಯುತ್ತಿದ್ದಾಗ ಅವನ ಹೆಂಡತಿ ದಾಕ್ಷಾಯಿಣಿ ಕೋಲೂರಿಕೊಂಡು ಹೊಲಕ್ಕೆ ಬಂದಳು.

"ಮನಿಯಾಗ ಕುಂದ್ರು ಅಂದಿದ್ನಲ್ಲ."

"ಕುಂತು ಕುಂತು ಬ್ಯಾಸರ ಆತ್ರಿ."

ಹೋದ ವಾರ ಗೋವಿನಜೋಳದ ಸಾಲಿನಲ್ಲಿ ಕಳೆ ಕೀಳುತ್ತಿದ್ದವಳಿಗೆ ಮೊಣಕಾಲು ಹಿಡಿದು ಏಳಲಾಗಿರಲಿಲ್ಲ. ಊರಿನ ಹೆಂಗಸರೆಲ್ಲ ಬೆಳಗಾದರೆ ದೂರದ ಶುಂಠಿ ಹೊಲಗಳಿಗೆ ವ್ಯಾನು ಹತ್ತುತ್ತಿದ್ದರಿಂದ ಕಳೆಗೆ ಆಳು ಸಿಗುತ್ತಿರಲಿಲ್ಲ. ಅವಳನ್ನು ಬೈಕಿನಲ್ಲಿ ಮನೆಗೆ ಬಿಟ್ಟವನೇ ಶಂಭುಲಿಂಗ ದಾಸನಕೊಪ್ಪಕ್ಕೆ ಹೋಗಿ ಕಳೆನಾಶಕ ತಂದು ಅರ್ಧ ಹೊಲಕ್ಕೆ ಹೊಡೆದಿದ್ದ. ಇಷ್ಟು ವರ್ಷ ತನಗಿದು ಹೊಳೆಯಲಿಲ್ಲವಲ್ಲ ಎಂದು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತ ನೊಂದುಕೊಂಡಿದ್ದ.

ದಾಕ್ಷಾಯಿಣಿ ಹೊಡೆದ ಕಡೆ ನೋಡಿದಳು. ಸಾಲುಗಳು ಗುಡಿಸಿದಂತಿದ್ದವು, ಬೆಳೆ ನಳನಳಿಸುತ್ತಿತ್ತು. ಆದರೆ ಬದುವೂ ಬೆಂದಿತ್ತು. ಅಡುಗೆಗೆ ಕೊಯ್ಯುತ್ತಿದ್ದ ಗೋಳಿಪಲ್ಯ, ಅಣ್ಣೆಸೊಪ್ಪು, ಜೇನು ಮುತ್ತುತ್ತಿದ್ದ ತುಂಬೆ, ಎಲ್ಲ ಹಳದಿಯಾಗಿ ಮಲಗಿದ್ದವು. ಎಮ್ಮೆಗೆ ಹುಲ್ಲು ಕೊಯ್ಯಲು ಬಂದಿದ್ದ ನೆರೆಮನೆಯ ಗುರುಶಾಂತವ್ವ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಅವಳಿಗೆ ಸ್ವಂತ ಹೊಲವಿರಲಿಲ್ಲ.

"ಇರ್ಲಿ ಬಿಡವ್ವಾ. ನಿನ್ನ ಕಾಲು ನೆಟ್ಟಗಾದ್ರ ಸಾಕು," ಎಂದು ಹೊರಟುಹೋದಳು.

ದಾಕ್ಷಾಯಿಣಿ ಗಂಡನ ಹತ್ತಿರ ಬಂದಳು. "ಸಾಲಿಗೆ ಹೊಡೀರಿ. ಉಳಿದ ಬದು ಬಿಡ್ರಿ."

"ಬದುವಿನ ಕಸ ಬೀಜ ಕಟ್ಟಿ ಹೊಲಕ್ಕ ಇಳೀತೈತಿ. ಮತ್ತ ಕುಂತು ಕೀಳಾಕಿ ನೀನ. ನಿನ್ನ ಸಲುವಾಗೇ ತಂದೀನಿ ಇದನ್ನ."

"ಗೊತ್ತೈತ್ರಿ ನನಗ." ಅವನ ಹೆಗಲ ಮೇಲೆ ತಿರುಚಿಕೊಂಡಿದ್ದ ಪಟ್ಟಿಯನ್ನು ನೇರ ಮಾಡಿದಳು. "ಆದ್ರ ಆಕಿ ಎಮ್ಮಿ ಏನು ತಿನ್ನಬೇಕು? ನಾವು ಏನು ಕೊಯ್ಕೊಂಡು ಹೋಗೂದು?"

ಅವನ ಮುಖ ಸಣ್ಣದಾಗಿತ್ತು. ಆದರೂ ಅಂದು ಪಂಪಿನ ಮೂತಿಯನ್ನು ನೆಲಕ್ಕೆ ಬಗ್ಗಿಸಿಕೊಂಡೇ ಹೊಡೆದ. ಬದು ಹತ್ತಿರವಾದಾಗಲೆಲ್ಲ ಗಾಳಿ ನೋಡಿ ನಿಲ್ಲಿಸಿದ.

ಮರುದಿನ ಬೆಳಿಗ್ಗೆ ದಾಕ್ಷಾಯಿಣಿ ಬರುವಷ್ಟರಲ್ಲಿ ಅವನು ಕಳೆ ತೆಗೆಯುವ ಕುರ್ಪಿ ಹಿಡಿದು ಬದುವಿನ ಬುಡದಲ್ಲಿ ಕೂತಿದ್ದ. ಉಳುಮೆ, ಬಿತ್ತನೆ ಎಲ್ಲ ಗೊತ್ತಿದ್ದವನು ಕಳೆಗೆಂದು ಈವರೆಗೆ ಕೂತವನಲ್ಲ. ಅದು ಹೆಂಗಸರ ಕೆಲಸವೆಂದೇ ನಡೆದುಬಂದಿತ್ತು. ಒಮ್ಮೆ ಕುಕ್ಕರಗಾಲಲ್ಲಿ, ಒಮ್ಮೆ ಮೊಣಕಾಲೂರಿ, ಹೇಗೆ ಕೂತರೂ ಸರಿಹೋಗದೆ ಒದ್ದಾಡುತ್ತಿದ್ದ.

ಅವಳು ನಗು ನುಂಗಿಕೊಂಡು, ಕಾಲು ಚಾಚಿ ಪಕ್ಕದಲ್ಲಿ ಕೂತಳು.

ಅವನು ಒಂದು ಗಿಡ ತೋರಿಸಿದ. "ಇದು ಕಸಾನೋ, ಪಲ್ಯಾನೋ?"

"ಪಲ್ಯ. ಬಿಡ್ರಿ."

"ಇದು?"

ಅವಳು ಬಾಗಿ ಎಲೆಯೊಂದನ್ನು ಚಿವುಟಿ, ಅಂಗೈಯಲ್ಲಿ ಹೊಸಕಿ, ಅವನ ಮೂಗಿನ ಹತ್ತಿರ ಹಿಡಿದಳು.