ಸ್ಪ್ರಿಂಗಿನ ಬಿಗಿ ಇಳಿಸಿ ನೋಡಿ

ನಮ್ಮ ಮನೆಯವರು ಗಡಿಯಾರ ರಿಪೇರಿ ಮಾಡುವವರು. ಅಂಗಡಿಯ ಗೋಡೆ ತುಂಬ ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿರುತ್ತವೆ. ಅದರಲ್ಲಿ ಒಂದು ಲಯ ತಪ್ಪಿದರೂ ಸಾಕು, ಊಟಕ್ಕೆ ಕೂತವರು ಎದ್ದು ಹೋಗಿ ನೋಡುತ್ತಾರೆ. ಅಂಥ ಕಿವಿ ಅವರದು. ಆದರೆ ತಮ್ಮ ಹಳೆಯ ಕಾರಿನ ಮುಂದಿನ ಎಡ ಚಕ್ರದಿಂದ ಬರುತ್ತಿದ್ದ ಕಟಕ್ ಕಟಕ್ ಸದ್ದು ಮಾತ್ರ ಆ ಕಿವಿಗೆ ಬೀಳುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ.

ಆ ಕಾರು ನಮ್ಮ ಮಾವನವರು ಕೊಂಡದ್ದು. ಈಗ ಅಂಥ ಕಾರು ಯಾರೂ ತಯಾರಿಸುವುದಿಲ್ಲ. ಬೀದಿಯಲ್ಲಿ ಹೊರಟರೆ ಜನ ನಿಂತು ಫೋಟೋ ತೆಗೆಯುತ್ತಾರೆ. ನನ್ನ ತಂಗಿ ಅದನ್ನು ನನ್ನ ಸವತಿ ಎಂದೇ ಕರೆಯುವುದು. ಸವತಿಗೆ ವಾರ ವಾರ ಸ್ನಾನ, ಪಾಲಿಶ್, ಸೀಟಿಗೆ ಒಗೆದ ಬಟ್ಟೆ. ಕಾರಿನ ಕೆಳಗೆ ಬಗ್ಗಿ ನೋಡಿದವರು ಮಾತ್ರ ಯಾರೂ ಇಲ್ಲ.

ಆಗಷ್ಟೇ ನಮ್ಮ ಮಗಳಿಗೆ ಹೆರಿಗೆಯಾಗಿತ್ತು. ಹೆಣ್ಣು ಮಗು. ತೂಕ ಕಡಿಮೆ ಎಂದು ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರು. ಅಂತೂ ಭಾನುವಾರ ಮನೆಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಹೇಳಿದಾಗ ನಮ್ಮ ಮನೆಯವರ ಮುಖ ನೋಡಬೇಕಿತ್ತು. ಮಗಳು ಹುಟ್ಟಿದಾಗ ಅವಳನ್ನು ಇದೇ ಕಾರಿನಲ್ಲಿ ತಂದಿದ್ದೆವು, ಮೊಮ್ಮಗಳೂ ಇದರಲ್ಲೇ ಬರಬೇಕಂತೆ. ನನಗೂ ಆಸೆಯಿತ್ತು. ಆದರೆ ಆಸ್ಪತ್ರೆ ಇರುವುದು ಗುಡ್ಡದ ಆಚೆ. ದಾರಿ ಪೂರ್ತಿ ಇಳಿಜಾರು, ತಿರುವು, ಒಂದು ಪಕ್ಕದಲ್ಲಿ ಆಳದ ಕಣಿವೆ.

ಮಗಳನ್ನು ನೋಡಲು ಆ ದಾರಿಯಲ್ಲಿ ಹೋಗಿ ಬರುವಾಗಲೇ ನನಗೆ ಭಯ ಹತ್ತಿತ್ತು. ಉಬ್ಬು ಹತ್ತಿದರೆ ಕಟಕ್, ಸ್ಟೀರಿಂಗ್ ತಿರುಗಿಸಿದರೆ ಕಟಕ್. ನೇರ ರಸ್ತೆಯಲ್ಲೂ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಮುಂದಿನ ಟೈರಿನ ಒಳ ಅಂಚು ಬೋಳಾಗಿತ್ತು. ನಾನು ಬಾಯಿ ತೆರೆದರೆ ಸಾಕು, ಅವರು ರೇಡಿಯೋ ಸದ್ದು ಜಾಸ್ತಿ ಮಾಡುತ್ತಿದ್ದರು. ಒಮ್ಮೆ ನಾನು ಬಿಡದೆ ಕೇಳಿದ್ದಕ್ಕೆ ಹೀಗೆ ಹೇಳಿದರು:

"ವಯಸ್ಸಾದ ಮೇಲೆ ಕೀಲು ಕಟಕಟ ಅನ್ನಲ್ವಾ? ನಿನ್ನ ಮಂಡಿನೂ ಅನ್ನುತ್ತೆ. ನಿನ್ನನ್ನ ಬದಲಾಯಿಸಿದ್ನಾ?"

ನಗು ಬಂತು, ನಕ್ಕೆ. ಆದರೆ ಭಯ ಬಿಡಲಿಲ್ಲ. ಕಣ್ಣು ಮುಚ್ಚಿದರೆ ಆ ಕಣಿವೆ, ಹಿಂದಿನ ಸೀಟಿನಲ್ಲಿ ಬಾಣಂತಿ ಮಗಳು, ಅವಳ ಮಡಿಲಲ್ಲಿ ಅಂಗೈಯಷ್ಟು ಮಗು.

ನನ್ನ ಕಾಟ ತಾಳಲಾರದೆ ಗುರುವಾರ ಅವರು ಕಾರಿನ ಮೈಕೆಳಗೆ ಜಾಕ್ ಕೊಟ್ಟು ಮುಂಭಾಗ ಎತ್ತಿದರು. ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಆಚೆ ಈಚೆ ಅಲುಗಾಡಿಸಿದರು. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ನನ್ನನ್ನೂ ಕರೆದು ಅಲುಗಾಡಿಸಲು ಹೇಳಿದರು. ಬಂಡೆಯ ಹಾಗಿತ್ತು. ಗೆದ್ದವರಂತೆ ಕೈ ಒರೆಸಿಕೊಂಡರು. ನನಗೂ ಅರ್ಧ ಜೀವ ಬಂದ ಹಾಗಾಯಿತು.

ಅಷ್ಟರಲ್ಲಿ ನನ್ನ ತಂಗಿ ಬಂದಳು. ಅವಳು ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಭಾವ ನಾದಿನಿ ಸೇರಿದರೆ ಹಾವು ಮುಂಗುಸಿ. ಇವರು ಚಕ್ರದ ಕಥೆ ಹೇಳಿ ಮೀಸೆ ತಿರುವಿದ್ದಕ್ಕೆ ಅವಳು ಕಾರನ್ನು ಜಾಕಿನಿಂದ ಇಳಿಸಿ, ಕೀಲಿ ಇಸಿದುಕೊಂಡು, ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದಳು. ಹೋಗುವಾಗ ನಗುತ್ತಿದ್ದವಳು ಬರುವಾಗ ನಗುತ್ತಿರಲಿಲ್ಲ.

ಬಾಲ್ ಜಾಯಿಂಟ್ ಹೋಗಿರುವ ಹಾಗಿದೆ ಎಂದಳು. ಅದೇನೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಸೊಂಟದ ಕೀಲಿನ ಹಾಗೆ ಬಟ್ಟಲಿನೊಳಗೆ ಒಂದು ಗುಂಡು ಕೂತಿರುತ್ತದಂತೆ. ಮುಂದಿನ ಚಕ್ರವನ್ನು ಗಾಡಿಗೆ ಹಿಡಿದಿಟ್ಟು, ತಿರುಗಲೂ ಕುಣಿಯಲೂ ಬಿಡುವುದು ಅದೇ. ಸವೆದು ಸವೆದು ಗುಂಡು ಬಟ್ಟಲಿನಿಂದ ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ, ಗಾಡಿಯ ಮೂತಿ ನೆಲಕ್ಕೆ ಬೀಳುತ್ತದೆ. ಆಮೇಲೆ ಸ್ಟೀರಿಂಗ್ ಹಿಡಿದವನು ಎಷ್ಟು ಜಾಣನಾದರೂ ಏನೂ ಮಾಡುವ ಹಾಗಿಲ್ಲ.

ನಮ್ಮವರಿಗೆ ರೇಗಿತು. ಈಗಷ್ಟೇ ಕೈಯಾರೆ ಅಲುಗಾಡಿಸಿ ನೋಡಿದ್ದೇನೆ ಎಂದರು. ತಂಗಿ ಜಗಳಕ್ಕೆ ನಿಲ್ಲಲಿಲ್ಲ. ಮೆಟ್ಟಿಲ ಮೇಲೆ ಕೂತು ಕೇಳಿದಳು.

"ಭಾವ, ಗಡಿಯಾರದೊಳಗೆ ಚಕ್ರ ಕೂರೋ ಜಾಗ ಸವೆದಿದೆಯಾ ಅಂತ ಹೇಗೆ ನೋಡ್ತೀರಿ?"

"ಮೊದಲು ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿಸ್ತೀನಿ. ಬಿಗಿ ಇದ್ರೆ ಅದು ಎಲ್ಲಾನೂ ಒಂದು ಪಕ್ಕಕ್ಕೆ ಒತ್ತಿ ಹಿಡಿದಿರುತ್ತೆ. ಸವೆದಿರೋದೂ ಗಟ್ಟಿ ಅನ್ಸುತ್ತೆ. ಇದು ನಿನ್ನೆ ಮೊನ್ನೆ ಕೆಲಸ ಕಲಿಯೋಕೆ ಬಂದೋರಿಗೂ ಗೊತ್ತು."

"ಸರಿ. ಈ ಕಾರಿನ ಸ್ಪ್ರಿಂಗ್ ಇಳಿಸಿ ನೋಡಿದ್ರಾ?"

ಅವರು ಜಾಕಿನ ಕಡೆ ನೋಡಿದರು, ಚಕ್ರದ ಕಡೆ ನೋಡಿದರು. ಮೈಗೆ ಜಾಕ್ ಕೊಟ್ಟು ಎತ್ತಿದಾಗ ಚಕ್ರ ನೇತಾಡುತ್ತದೆ ನಿಜ, ಆದರೆ ಒಳಗಿನ ದಪ್ಪ ಸ್ಪ್ರಿಂಗ್ ಚಕ್ರವನ್ನು ಹಿಡಿದ ಕಬ್ಬಿಣದ ತೋಳನ್ನು, ಅಂದರೆ ಕೆಳಗಿನ ಆರ್ಮನ್ನು, ಒತ್ತುತ್ತಲೇ ಇರುತ್ತದೆ. ಆ ಒತ್ತಡವೇ ಸವೆದ ಕೀಲನ್ನು ಬಿಗಿಯಾಗಿ ಹಿಡಿದು ಮೋಸ ಮಾಡುತ್ತದೆ. ಜೀವಮಾನವೆಲ್ಲ ಅಂಗಡಿಯಲ್ಲಿ ಬಿಗಿ ಇಳಿಸಿದವರು ಮನೆ ಬಾಗಿಲಲ್ಲಿ ಮರೆತಿದ್ದರು.

ತಂಗಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಳು. ಜಾಕನ್ನು ಚಕ್ರದ ಹತ್ತಿರ, ಕೆಳಗಿನ ಆರ್ಮಿನ ಅಡಿಗೇ ಇಟ್ಟು ಎತ್ತಿದಳು. ಬರೀ ಜಾಕ್ ನಂಬಬಾರದೆಂದು ಮೈಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟಳು. ಟೈರಿನ ಕೆಳಗೆ ಕಬ್ಬಿಣದ ಸಲಾಕೆ ತೂರಿಸಿ ಮೆಲ್ಲಗೆ ಮೇಲಕ್ಕೆ ಮೀಟಿದಳು. ಟಕ್ ಅಂತು. ಬಂಡೆಯ ಹಾಗಿದ್ದ ಚಕ್ರ ಎದ್ದು ಕೂತಿತು.

ನಮ್ಮವರು ಬಗ್ಗಿ ಕೀಲಿನ ಮೇಲೆ ಬೆರಳಿಟ್ಟರು. ಇನ್ನೊಮ್ಮೆ ಮೀಟು ಎಂದರು. ಮತ್ತೊಮ್ಮೆ ಎಂದರು. ರಬ್ಬರಿನ ಟೋಪಿ ಹರಿದಿತ್ತು, ಗ್ರೀಸ್ ಒಣಗಿತ್ತು, ಬೆರಳಿಗೆ ತುಕ್ಕಿನ ಪುಡಿ ಅಂಟಿತು. ಅವರ ಮುಖ ಸಣ್ಣದಾಯಿತು.

ಆದರೂ ಆಸೆ ಬಿಡಬೇಕಲ್ಲ. ಭಾನುವಾರ ಒಂದು ದಿನ ನಿಧಾನವಾಗಿ ಹೋಗಿಬಂದು ಸೋಮವಾರ ಹೊಸದು ಹಾಕಿಸುತ್ತೇನೆ ಎಂದರು. ಆಗ ನಾನು ಬಾಯಿ ಬಿಟ್ಟೆ.

"ನಾನು ಆ ಕಾರು ಹತ್ತಲ್ಲ. ಮಗಳನ್ನೂ ಹತ್ತಿಸಲ್ಲ. ನಿಮ್ಮನ್ನೂ ಬಿಡಲ್ಲ."

ಹೇಳುತ್ತ ಹೇಳುತ್ತ ಅಳು ಬಂತು. ಅವರು ಕಾರಿನ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಗ್ಯಾರೇಜಿನ ಯಜಮಾನರು ಮನೆಗೇ ಬಂದು ನೋಡಿ, ಕಾರನ್ನು ಓಡಿಸುವುದು ಬೇಡವೆಂದು ಲಾರಿಯ ಮೇಲೆ ಹೇರಿಸಿಕೊಂಡು ಹೋದರು. ಅಷ್ಟು ಹಳೆಯ ಮಾದರಿಗೆ ಸರಿಯಾದ ಸಾಮಾನು ತರಿಸಲು ಸಮಯ ಬೇಕೆಂದರು. ಹಳೆಯದನ್ನೇ ಬಡಿದು ಬಿಗಿ ಮಾಡಿಕೊಡಲು ಬೇರೊಬ್ಬ ಮೆಕ್ಯಾನಿಕ್ ತಯಾರಿದ್ದ. ಅದಕ್ಕೆ ಗ್ಯಾರೇಜಿನವರು ಒಪ್ಪಲಿಲ್ಲ, ಈ ಬಾರಿ ನಮ್ಮವರೂ ಒಪ್ಪಲಿಲ್ಲ.

ಭಾನುವಾರ ಮೊಮ್ಮಗಳು ಬಾಡಿಗೆ ಕಾರಿನಲ್ಲಿ ಮನೆಗೆ ಬಂದಳು. ದಾರಿಯುದ್ದಕ್ಕೂ ನಿದ್ದೆ. ಅವಳ ತಾತ ಮುಂದಿನ ಸೀಟಿನಲ್ಲಿ ಕೂತಿದ್ದರು. ತಿರುವು ಬಂದಾಗಲೆಲ್ಲ ಹಿಂದಕ್ಕೆ ನೋಡುತ್ತಿದ್ದರು. ಅವರಿಗೆ ಬೇಸರವಾಗಿದೆ ಎಂದು ನನಗೆ ಗೊತ್ತಿತ್ತು, ಪಾಪ ಅನ್ನಿಸಿತು.

ಸಾಮಾನು ಬಂದ ದಿನ ಅಂಗಡಿ ಮುಚ್ಚಿ ಗ್ಯಾರೇಜಿಗೆ ಹೋದರು. ಸಂಜೆ ಬಂದವರು ಎಣ್ಣೆಬಟ್ಟೆ ಸುತ್ತಿದ ಏನನ್ನೋ ಮೇಜಿನ ಮೇಲಿಟ್ಟರು. ಬಟ್ಟೆಯಲ್ಲಿ ಒಂದು ಗುಂಡು, ಒಂದು ಬಟ್ಟಲು, ಎರಡೂ ಬೇರೆ ಬೇರೆ.

"ಬಡಿದು ಬಿಚ್ಚೋದೇ ಬೇಕಾಗಲಿಲ್ಲ ಕಣೇ," ಎಂದರು. "ನಟ್ ತೆಗೆದು ಕೈಯಲ್ಲಿ ಎಳೆದ್ರು. ಹಲ್ಲು ಉದುರಿದ ಹಾಗೆ ಗುಂಡು ಕೈಗೆ ಬಂತು. ಇನ್ನೊಂದು ಹಳ್ಳ ಸಾಕಾಗಿತ್ತಂತೆ. ಆ ತಿರುವಲ್ಲಿ..."

ಅವರು ತೊಟ್ಟಿಲ ಹತ್ತಿರ ಹೋಗಿ, ಕೈ ತೊಳೆದಿಲ್ಲವೆಂದು ನೆನಪಾಗಿ, ಮಗುವನ್ನು ಮುಟ್ಟದೆ ಹಾಗೇ ನಿಂತರು.

ಎಡದ್ದು ಹೋದ ಮೇಲೆ ಬಲದ್ದನ್ನು ನಂಬುವುದು ಹೇಗೆ? ಎರಡೂ ಕಡೆ ಮೇಲಿನ ಕೀಲು ಕೆಳಗಿನ ಕೀಲು ಎಲ್ಲ ಹೊಸದು ಹಾಕಿಸಿದರು. ನಟ್ಟಿಗೆ ಹೊಸ ಪಿನ್, ಗ್ರೀಸ್, ಕೊನೆಗೆ ವೀಲ್ ಅಲೈನ್‌ಮೆಂಟ್. ಈಗ ಮೊಮ್ಮಗಳು ಲಸಿಕೆಗೆ ಹೋಗುವುದು ಅದೇ ಕಾರಿನಲ್ಲಿ. ಆ ಗುಂಡು ಬಟ್ಟಲು ಅಂಗಡಿಯ ಗಾಜಿನ ಮೇಜಿನ ಮೇಲಿವೆ. ಹಳೆಯ ಗಾಡಿಯವರು ಯಾರೇ ಬರಲಿ, ಗಡಿಯಾರ ಕೊಡುವ ಮೊದಲು ಅವರ ಅಂಗೈಗೆ ಆ ಗುಂಡನ್ನು ಹಾಕುತ್ತಾರೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಮುದ್ದಿನ ಹಳೆಯ ಗಾಡಿ ಇದ್ದರೆ ಈ ವಾರವೇ ಗ್ಯಾರೇಜಿಗೆ ತೋರಿಸಿ. ಸದ್ದು ಕೇಳಿದರೆ, ಒಂದು ಪಕ್ಕಕ್ಕೆ ಎಳೆದರೆ, ಟೈರು ಒಂದೇ ಅಂಚಿನಲ್ಲಿ ಸವೆದರೆ ಓಡಿಸಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಸ್ಪ್ರಿಂಗ್ ಎಲ್ಲಿ ಕೂತಿದೆ ಎನ್ನುವುದು ಗಾಡಿಯಿಂದ ಗಾಡಿಗೆ ಬೇರೆ, ಆದ್ದರಿಂದ ಜಾಕ್ ಎಲ್ಲಿ ಕೊಡಬೇಕೆಂದು ಬಲ್ಲವರನ್ನೇ ಕೇಳಿ. ಕೀಲಿನ ಮೇಲಿನ ಭಾರ ಇಳಿಸಿ ನೋಡಿದಿರಾ ಎಂದು ಅವರನ್ನು ವಿಚಾರಿಸಲು ನಾಚಬೇಡಿ. ಕೀಲು ಹೋಗಿದ್ದರೆ ನಾಳೆ ಎನ್ನಬೇಡಿ, ನಿಧಾನವಾಗಿ ಹೋಗಿಬರುತ್ತೇನೆ ಎನ್ನಬೇಡಿ. ಮತ್ತೆ ಕಟಕ್ ಎಂದಾಗ, ಪಕ್ಕದಲ್ಲಿ ಕೂತವರು ಹೆದರಿ ನಿಮ್ಮ ಮುಖ ನೋಡಿದರೆ, ದಯವಿಟ್ಟು ರೇಡಿಯೋ ಸದ್ದು ಜಾಸ್ತಿ ಮಾಡಬೇಡಿ. ಗಾಡಿ ನಿಲ್ಲಿಸಿ.