ಶಾಲಿನೊಳಗಿನ ಐಸ್

"ಆ ಹಳೇ ಶಾಲು ಬೇಡಪ್ಪ, ಎಲ್ಲಾ ಕಲೆಯಾಗಿದೆ," ಎಂದು ಮಗಳು ಕೈ ಹಿಡಿದಳು. ಗಡಿಯಾರ ರಿಪೇರಿಯ ಮುದುಕ ಕೊಸರಿಕೊಂಡು, ಹಸಿರು ಶಾಲನ್ನು ಸತ್ತ ಹೆಂಡತಿಯ ಭುಜದವರೆಗೂ ಎಳೆದು ಹೊದಿಸಿದ.

"ಇವತ್ತಾದ್ರೂ ಹೊದ್ಕೊಳ್ಲಿ. ತಂದ್ಕೊಟ್ಟು ನಲವತ್ತು ವರ್ಷ ಆಯ್ತು. ಒಂದು ದಿನ ಮೈಮೇಲೆ ಹಾಕಿದ್ಲಾ? ಬರೀ ಐಸ್ ಸುತ್ತಿದ್ಲು!"

ಮೂಲೆಯ ಕುರ್ಚಿಯಲ್ಲಿ ಅವನ ಅಕ್ಕ ಕಣ್ಣೊರೆಸಿಕೊಂಡಳು.

ಸತ್ತವಳು, ಪ್ರಾಥಮಿಕ ಶಾಲೆಗೆ ಟೀಚರಾಗಿ ಹೋಗುವವರಿಗೆ ವಿಜ್ಞಾನ ಕಲಿಸುವುದು ಹೇಗೆಂದು ಹೇಳಿಕೊಡುತ್ತಿದ್ದವಳು. ಮೂವತ್ತು ವರ್ಷದಲ್ಲಿ ಒಂದು ಉತ್ತರವನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ಏನು ಕೇಳಿದರೂ "ಮಾಡಿ ನೋಡಿ." ಮನೆಯಲ್ಲೂ ಅದೇ ಚಾಳಿ. ಹಾಲು ಕೆಟ್ಟಿದೆಯಾ ಎಂದರೆ "ನೀವೇ ನೋಡಿ." ಅಂಥವಳ ಜೊತೆ ಬಾಳುವುದು ಸುಲಭವಲ್ಲ ಬಿಡಿ.

*

ಮದುವೆಯಾದ ಹೊಸತರಲ್ಲಿ ಅಕ್ಕ ಆ ಶಾಲನ್ನು ಮುಟ್ಟಿ ನೋಡಿ ಮೂಗು ಮುರಿದಿದ್ದಳು. "ಇದೆಂಥಾ ಶಾಲೋ? ಚಳೀನೇ ತಡೆಯಲ್ಲ. ನಿಂಗೆ ಚೆನ್ನಾಗಿ ಟೋಪಿ ಹಾಕಿದಾರೆ."

ಅವನ ಮುಖ ಸಪ್ಪಗಾಯಿತು. ಅಕ್ಕ ಹೋದಮೇಲೆ ಹೆಂಡತಿ ಎರಡು ತುಂಡು ಐಸ್ ತಂದಳು. ಒಂದನ್ನು ತಟ್ಟೆಯಲ್ಲಿಟ್ಟು, ಇನ್ನೊಂದನ್ನು ಶಾಲಿನಲ್ಲಿ ಸುತ್ತಿದಳು.

"ಯಾವ್ದು ಮೊದ್ಲು ಕರಗುತ್ತೆ, ಹೇಳಿ?"

"ಶಾಲಲ್ಲಿರೋದು. ಬೆಚ್ಚಗಿರುತ್ತಲ್ಲ."

"ಒಂದು ಗಂಟೆ ಕೂತ್ಕೊಳ್ಳಿ, ನೋಡೋಣ."

"ನಾನು ತಂದಿದ್ದು ಐಸ್ ಸುತ್ತೋಕಾ?" ಎಂದು ಸಿಡುಕಿ ಅವನು ಅಂಗಡಿಗೆ ಹೊರಟುಹೋದ. ಸಂಜೆ ಬಂದಾಗ ಶಾಲು ಹಗ್ಗದ ಮೇಲೆ ಒಣಗುತ್ತಿತ್ತು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ತನ್ನ ಶಾಲು ಐಸ್ ಸುತ್ತುವುದಕ್ಕೇ ಲಾಯಕ್ಕು ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟ.

*

"ಅಯ್ಯೋ, ಮೇಡಂ ಶಾಲು!"

ಬಾಗಿಲಲ್ಲಿ ನಿಂತಿದ್ದವಳು ಹಳೆಯ ವಿದ್ಯಾರ್ಥಿನಿ, ಈಗ ಮೇಡಂ ಜಾಗದಲ್ಲೇ ಪಾಠ ಮಾಡುವವಳು.

"ಪ್ರತಿ ವರ್ಷ ಮೊದಲ್ನೇ ಪಾಠ ಇದ್ರದ್ದೇ ಸಾರ್. 'ಇದನ್ನ ತಂದೋರು ನಮ್ಮನೆಯವ್ರು' ಅಂತ ಜಂಬ ಕೊಚ್ಕೊಳ್ದೆ ಬಿಚ್ತಾನೇ ಇರ್ಲಿಲ್ಲ."

"ಜಂಬನಾ? ಬಿಚ್ಚಿದಾಗ ಒಳಗಡೆ ಏನಿರ್ತಿತ್ತು, ಐಸಾ ನೀರಾ?"

ಅವಳು ಅಳುತ್ತಲೇ ನಕ್ಕಳು. "ಹೇಳಿದ್ರೆ ಮೇಡಂ ಬೈತಾರೆ ಸಾರ್."

ಮುದುಕ ಶಾಲನ್ನು ಮೆಲ್ಲಗೆ ತೆಗೆದು ಮಡಿಸಿ ಮಗಳ ಕೈಗಿತ್ತ. "ಇದು ಇರ್ಲಿ."

ಮಣ್ಣು ಮಾಡಿ ಮನೆಗೆ ಬಂದಾಗ ಮಧ್ಯಾಹ್ನ ಮೂರು. ಎಲ್ಲರೂ ಚಹಾ ಕುಡಿಯುತ್ತಿರುವಾಗ ಅವನು ಫ್ರಿಜ್ಜಿನಿಂದ ಎರಡು ತುಂಡು ಐಸ್ ತೆಗೆದ. ಒಂದನ್ನು ತಟ್ಟೆಗೆ ಹಾಕಿ, ಇನ್ನೊಂದನ್ನು ಶಾಲಿನಲ್ಲಿ ಸುತ್ತಿ, ಕೈಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟ.

"ಇದೇನಪ್ಪಾ ಇದು, ಇಂಥಾ ದಿನ?" ಎಂದಳು ಮಗಳು.

"ಕೂತ್ಕೊಳಮ್ಮ. ಒಂದು ಗಂಟೆ."

ವಿದ್ಯಾರ್ಥಿನಿ ಕುರ್ಚಿ ಎಳೆದುಕೊಂಡಳು.

ತಟ್ಟೆಯಲ್ಲಿ ನೀರು ಮಾತ್ರ ಉಳಿದಾಗ ಅವನು ಶಾಲು ಬಿಚ್ಚಿದ. ಒಳಗೆ ಐಸ್ ಇನ್ನೂ ಗಟ್ಟಿಯಾಗಿತ್ತು. ಹೊರಗಿನ ಬಿಸಿಯನ್ನು ಹತ್ತಿರ ಬಿಟ್ಟುಕೊಳ್ಳದ ಶಾಲು, ಮೈಯ ಬಿಸಿಯನ್ನು ಹೊರಗೆ ಬಿಡುತ್ತಿತ್ತೇ? ಅವನಿಗೆ ದುಃಖ ಒತ್ತರಿಸಿ ಬಂತು.

"ಅಕ್ಕಾ, ಕೈ ಚಾಚು."

ಅಂಗೈಗೆ ಐಸ್ ಬಿದ್ದದ್ದೇ ಅಕ್ಕ "ಅಬ್ಬಾ!" ಎಂದಳು. ಅವನು ಒದ್ದೆ ಶಾಲನ್ನು ಕೊಡವಿ, ಹೊದ್ದು, ಖಾಲಿ ಮಂಚದ ತುದಿಯಲ್ಲಿ ಕೂತ.