ಪರೀಕ್ಷೆಯ ನಂಬರಿಗೆ ಬಂದ ಕರೆಗಳು

ಇಂಟರ್ನೆಟ್ಟಿಗಿಂತ ಮೊದಲು ಅದರ ಸದ್ದು ಬರುತ್ತಿದ್ದ ಕಾಲವದು. ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆ ಟೆಲಿಫೋನ್ ತಂತಿ ಹಿಡಿದು ಮೊದಲು ಕೀಂ ಎನ್ನುತ್ತಿತ್ತು, ಆಮೇಲೆ ಗಂಟಲು ಕಟ್ಟಿದವರ ಹಾಗೆ ಕರಕರ ಎನ್ನುತ್ತಿತ್ತು. ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಅಷ್ಟರಲ್ಲಿ ಯಾರಾದರೂ ಒಳಕೋಣೆಯಲ್ಲಿ ರಿಸೀವರ್ ಎತ್ತಿದರೋ, ಮುಗಿಯಿತು, ಎಲ್ಲ ಮೊದಲಿಂದ. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ. ಕಾಯುವುದರಲ್ಲೂ ಒಂದು ಸುಖವಿತ್ತು ಎಂದು ಅವರಿಗೆ ಹೇಗೆ ತಿಳಿಯಬೇಕು.

ಅಂಥ ಮೋಡೆಮ್ ಜೋಡಿಸುವ ಸಣ್ಣ ವರ್ಕ್‌ಶಾಪು ಅಕ್ಕನದು. ಮುಂದಿನ ಕೋಣೆಯಲ್ಲಿ ಉದ್ದ ಮೇಜು, ಸೋಲ್ಡರಿಂಗ್ ಹೊಗೆ, ತಲೆಯೆತ್ತದೆ ಕೆಲಸ ಮಾಡುವ ನಾಲ್ವರು ಹೆಂಗಸರು. ಹಿಂದಿನ ಕೋಣೆಯಲ್ಲಿ ತಮ್ಮ. ಅವನ ಕೆಲಸ ಏನೆಂದು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಓದನ್ನು ಅರ್ಧಕ್ಕೆ ಬಿಟ್ಟಿದ್ದ, ಫೋಟೋಗ್ರಫಿ ಕಲಿಯುತ್ತೇನೆಂದು ಹೋಗಿ ಅದನ್ನೂ ಅರ್ಧಕ್ಕೆ ಬಿಟ್ಟಿದ್ದ. "ಅವನು ಪೂರ್ತಿ ಮುಗಿಸೋದು ಊಟ ಒಂದೇ" ಎಂದು ಭಾವ ಮೂಗು ಮುರಿಯುತ್ತಿದ್ದರು. ಅಕ್ಕನ ಮುಂದೆ ಒಂದಾದರೂ ಕೆಲಸವನ್ನು ಮಾಡಿ ಮುಗಿಸಿ ತೋರಿಸಬೇಕೆಂಬ ಆಸೆ ತಮ್ಮನ ಎದೆಯೊಳಗೇ ಕುದಿಯುತ್ತಿತ್ತು.

ಆ ವರ್ಷ ಹೆಚ್ಚು ವೇಗದ ಹೊಸ ಮೋಡೆಮ್ ಮಾಡುವ ಚಿಪ್‌ಗಳು ಬಂದವು. ಹಳೆಯದನ್ನೇ ಮಾಡಿಕೊಂಡಿದ್ದರೆ ವರ್ಕ್‌ಶಾಪು ಹೇಗೋ ತೆವಳಿಕೊಂಡು ಹೋಗುತ್ತದೆ. ಹೊಸದಕ್ಕೆ ಕೈ ಹಾಕಿದರೆ ಇದ್ದಬದ್ದದ್ದೆಲ್ಲ ಸುರಿಯಬೇಕು, ಸೋತರೆ ಬಾಗಿಲು ಹಾಕಿಕೊಂಡು ಆ ನಾಲ್ವರನ್ನೂ ಮನೆಗೆ ಕಳಿಸಬೇಕು. "ಮಾರ್ಕೆಟ್ಟು ಮುಂದೆ ಹೇಗಿರುತ್ತೆ ಅಂತ ನೋಡಿ ಬರೆದುಕೊಡೋ" ಎಂದಳು ಅಕ್ಕ.

ತಮ್ಮ ಹಟ ಹಿಡಿದು ಕೂತ. ಅವರು ಮಾರುವ ಪ್ರತಿ ಪೆಟ್ಟಿಗೆಯ ಮೇಲೂ ವರ್ಕ್‌ಶಾಪಿನ ಒಂದು ನಂಬರು ಅಂಟಿಸಿರುತ್ತಿತ್ತು. ಕೊಂಡವರು ಮೋಡೆಮ್‌ನಿಂದ ಆ ನಂಬರಿಗೆ ಡಯಲ್ ಮಾಡಿದರೆ ಮುಂದಿನ ಕೋಣೆಯ ಕಂಪ್ಯೂಟರು ಉತ್ತರ ಕೊಟ್ಟು, ಅವರ ಪರದೆಯ ಮೇಲೆ ಎರಡು ಸಾಲು ಮೂಡಿಸುತ್ತಿತ್ತು. ಪೆಟ್ಟಿಗೆ ಕೆಲಸ ಮಾಡುತ್ತಿದೆಯೆಂದು ಅದರಿಂದ ಗೊತ್ತಾಗುತ್ತಿತ್ತು. ಪರೀಕ್ಷೆಯ ನಂಬರಿಗೆ ಯಾರೂ ಎರಡನೇ ಸಲ ಡಯಲ್ ಮಾಡುವುದಿಲ್ಲ ಎಂದು ತಮ್ಮನ ತರ್ಕ. ಆದ್ದರಿಂದ ಗೋಡೆಯಾಚೆ ಆ ಫೋನು ಒಮ್ಮೆ ಗಂಟೆ ಬಾರಿಸಿದರೆ ಹೊಸಬನೊಬ್ಬ ಮೋಡೆಮ್ ಲೋಕಕ್ಕೆ ಕಾಲಿಟ್ಟ ಹಾಗೆ. ಗಂಟೆಗಳಂತೂ ವಾರದಿಂದ ವಾರಕ್ಕೆ ಏರುತ್ತಲೇ ಇದ್ದವು. ತಮ್ಮಲ್ಲಿಂದ ಹೋಗುವ ಪೆಟ್ಟಿಗೆಗಳು ಅಷ್ಟಾಗಿ ಏರದಿದ್ದರೂ, ಅಂಗಡಿಯವರು ಮೊದಲೇ ತರಿಸಿಟ್ಟುಕೊಂಡ ಸರಕು ಈಗ ಭರಭರನೆ ಖಾಲಿಯಾಗುತ್ತಿದೆ ಎಂದುಕೊಂಡ. ಬೇಡಿಕೆ ಮುಂದಿನ ವರ್ಷ ದುಪ್ಪಟ್ಟಾಗುತ್ತದೆ ಎಂದು ಬರೆದು, ಕೊನೆಗೆ ಗೆರೆ ಎಳೆದು, ಅಕ್ಕನ ಕೈಗಿಟ್ಟ. ಅವಳು ಕೊನೆಯ ಗೆರೆಯವರೆಗೂ ಓದಿದಳು. "ಸರಿ, ಇವತ್ತೇ ಆರ್ಡರ್ ಹೇಳಿಬಿಡ್ತೀನಿ" ಎಂದಳು.

ತಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಸ ಮೋಡೆಮ್‌ಗೆ ಮೊದಲ ಗಿರಾಕಿಯನ್ನೂ ತಾನೇ ಹಿಡಿದು ತರೋಣವೆಂದು ಪಕ್ಕದ ಬೀದಿಯ ಪ್ರಿಂಟಿಂಗ್ ಪ್ರೆಸ್ಸಿಗೆ ಹೋದ. ಅಲ್ಲಿನ ಯಜಮಾನರು ಹಳೆಯ ಗಿರಾಕಿ, ಆದರೆ ಇವನನ್ನು ಕಂಡವರಲ್ಲ. ವರ್ಕ್‌ಶಾಪಿನವರ ತಮ್ಮ ಎಂದ ಕೂಡಲೇ ಕನ್ನಡಕ ಹಣೆಗೇರಿಸಿದರು.

"ಆ ತಮ್ಮ ನೀವೇನಾ?" ಎಂದು ಒಳಗಿನವರನ್ನೆಲ್ಲ ಕೂಗಿದರು. "ಬನ್ರೀ, ತಮ್ಮ ಬಂದಿದಾರೆ."

ಶಾಯಿ ಮೆತ್ತಿದ ಕೈಯವರೆಲ್ಲ ಬಂದು ಅವನನ್ನು ನೋಡಿ ಮುಸಿಮುಸಿ ನಕ್ಕರು. ಇವನಿಗೆ ತಲೆಬುಡ ತಿಳಿಯಲಿಲ್ಲ. ಯಜಮಾನರು ಕಂಪ್ಯೂಟರಿನ ಮುಂದೆ ಕೂರಿಸಿ, ಪರೀಕ್ಷೆಯ ನಂಬರಿಗೆ ಡಯಲ್ ಮಾಡಿದರು. ಕೀಂ, ಕರಕರ. ಆ ನಿಧಾನದ ಮೋಡೆಮ್‌ನಲ್ಲಿ ಅಕ್ಷರಗಳು ಒಂದೊಂದಾಗಿ ಮೂಡಿದವು: 'ನಿಮ್ಮ ಮೋಡೆಮ್ ಚೆನ್ನಾಗಿದೆ. ಇವತ್ತು ನನ್ನ ತಮ್ಮ ಪೊರಕೆ ಹಿಡಿದ...' ಅಲ್ಲಿಗೆ ಸಾಲು ಕ್ಷಣ ನಿಂತಿತು. ಎಲ್ಲರೂ ಕಾದರು. 'ಜಿರಳೆ ಓಡಿಸಲು.'

ಪ್ರೆಸ್ಸಿಗೆ ಪ್ರೆಸ್ಸೇ ನಕ್ಕಿತು.

"ದಿನಕ್ಕೊಂದು ಹೊಸದು ಬರೀತಾರೆ ನಿಮ್ಮ ಅಕ್ಕ" ಎಂದರು ಯಜಮಾನರು ಕಣ್ಣೊರೆಸಿಕೊಂಡು. "ಇವರೆಲ್ಲ ಒಬ್ಬೊಬ್ಬರೇ ಬಂದು ನೋಡ್ತಾರೆ, ಪ್ರತಿ ಸಲ ಡಯಲ್ ಮಾಡಬೇಕು. ನನ್ನ ಷಡ್ಡಕನ ಅಂಗಡೀಲೂ ಇದೇ ಕಥೆ."

"ವೇಗದ್ದು ಬರ್ತಿದೆ, ಬೇಕಾ?" ಎಂದ ತಮ್ಮ.

"ಅಕ್ಷರ ಎಲ್ಲ ಒಂದೇ ಸಲಕ್ಕೆ ದಬ್ಬಂತ ಬಿದ್ರೆ ನಗು ಎಲ್ಲಿ ಬರುತ್ತಪ್ಪಾ? ಇದೇ ಇರಲಿ."

ತಮ್ಮ ಎದ್ದು ಹೊರಟ. ತನ್ನ ಸೋಮಾರಿತನ ಊರಿಗೆಲ್ಲ ತಿಳಿದಿದೆಯೆಂದು ನಾಚಿಕೆಯಾಗಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಅವನು ಗೆರೆ ಎಳೆದು ಮುಗಿಸಿದ್ದ ಭವಿಷ್ಯವೆಲ್ಲ ಅದೇ ಹಳೆಯ ಗಿರಾಕಿಗಳ ನಗೆಯ ಮೇಲೆ ನಿಂತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತದೆ? ಮಾರ್ಕೆಟ್ಟು ತಾನಾಗಿಯೇ ಏರಿದರೂ ಏರಬಹುದು. ಹುಟ್ಟಿದಾಗಿನಿಂದ ಮುಗಿಸಿದ ಒಂದೇ ಒಂದು ಕೆಲಸ, ಅದನ್ನೂ ತಾನೇ ಕೆಡಿಸಬೇಕೆ? ಹೀಗೆಂದುಕೊಳ್ಳುತ್ತಲೇ ಅವನು ಓಡತೊಡಗಿದ್ದ.

ಅಕ್ಕ ಫೋನಿನಲ್ಲಿದ್ದಳು. "ಹೌದು, ಹೊಸ ಚಿಪ್ಪೇ" ಎನ್ನುತ್ತಿದ್ದಳು. ತಮ್ಮ ಫೋನಿನ ಗುಂಡಿ ಅದುಮಿ ಮಾತು ಕಡಿದ. ಮೇಜಿನ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು.

"ಬೇಡ ಅಕ್ಕ. ನಾನು ಬರೆದಿದ್ದು ತಪ್ಪು. ಅವರೆಲ್ಲ ನೀನು ಬರೆಯೋದನ್ನ ಓದೋಕೆ ಡಯಲ್ ಮಾಡ್ತಿದಾರೆ. ಹೊಸಬರು ಯಾರೂ ಇಲ್ಲ."

ಅಕ್ಕನ ಮುಖ ಕೆಂಪಾಯಿತು. "ಓದಿಬಿಟ್ಯಾ?" ಎಂದಳು. ಆಮೇಲೆ ರಿಸೀವರನ್ನು ಮೆಲ್ಲಗೆ ಕೆಳಗಿಟ್ಟಳು. "ಕೇಬಲ್‌ನವರು ಇಂಟರ್ನೆಟ್ ಲೈನ್ ಎಳೆಯೋಕೆ ಬೀದಿ ಅಗೀತಾ ಇರೋದು ನನಗೂ ಕಾಣುತ್ತೆ ಕಣೋ. ಈ ಪೆಟ್ಟಿಗೆಗೆ ಇನ್ನೆಷ್ಟು ದಿನ ಅಂತ ನನಗೂ ಗೊತ್ತು."

"ಮತ್ತೆ ಆರ್ಡರ್ ಯಾಕೆ ಕೊಡ್ತಿದ್ದೆ?"

ಲೆಕ್ಕಾಚಾರದಲ್ಲಿ ಯಾರಿಗೂ ಸೋಲದ ಹೆಂಗಸು ಅವಳು. ಈಗ ಅವನು ಬರೆದುಕೊಟ್ಟ ಕಾಗದದ ಮೇಲೆ ಕೈಯಿಟ್ಟಳು.

"ನೀನು ಪೂರ್ತಿ ಬರೆದು ಮುಗಿಸಿ ತಂದುಕೊಟ್ಟಿದ್ದೆ. ಅದನ್ನ ಹೇಗೋ ಬೇಡ ಅನ್ನಲಿ?"

ಅಷ್ಟರಲ್ಲಿ ಫೋನು ಮತ್ತೆ ಬಾರಿಸಿತು, ಚಿಪ್ ಮಾರುವವನದು. ಅಕ್ಕ ಕೈ ಚಾಚಲಿಲ್ಲ. ತಮ್ಮ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ರಿಸೀವರ್ ಎತ್ತಿದ. ಆರ್ಡರ್ ಇಲ್ಲ, ತಪ್ಪು ನನ್ನದು, ನಮ್ಮ ಅಕ್ಕನದೇನೂ ಇಲ್ಲ ಎಂದು ಹೇಳಿದ. ಆ ಕಡೆಯವನು ಕೂಗಾಡಿ ಸುಸ್ತಾಗುವವರೆಗೂ ಫೋನು ಇಡಲಿಲ್ಲ.